ಮಧುಮೇಹ ಮತ್ತು ದಾಂಪತ್ಯ: ಹೇಳಿಕೊಳ್ಳಲಾಗದ ತೊಂದರೆ

ಮಧುಮೇಹಿಗಳು ವೈದ್ಯರಲ್ಲಿಗೆ ಬಂದಾಗ ಕಣ್ಣು, ಮೂತ್ರಪಿಂಡ, ಪಾದಗಳ ಕುರಿತು ವಿಚಾರಿಸುತ್ತಾರೆ. ದಾಂಪತ್ಯದ ಕುರಿತು ಬಾಯಿಬಿಡುವವರು ವಿರಳ. ವೃತ್ತಿಯ ಮೊದಲ ಹಲವು ವರ್ಷ ನಾವೂ ಅದನ್ನು ಕೇಳುತ್ತಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಸಂಕೋಚವು ರೋಗಿಗೆ ಮಾತ್ರವಲ್ಲ, ವೈದ್ಯನಿಗೂ ಇರುತ್ತದೆ.

ಕೆಲವು ವರ್ಷಗಳ ಹಿಂದೆ ಐವತ್ತು ದಾಟಿದ ಸದ್ಭಕ್ತರೊಬ್ಬರು ಪತ್ನಿಯನ್ನು ಕರೆತಂದರು. ಆಕೆಗೆ ನಿದ್ರೆಯಿಲ್ಲವೆಂಬುದು ದೂರು. ಪ್ರತ್ಯೇಕವಾಗಿ ಮಾತನಾಡಿಸಿದಾಗ ತಿಳಿದುದೇ ಬೇರೆ. ಎರಡು ವರ್ಷಗಳಿಂದ ಪತಿ ಪಡಸಾಲೆಯಲ್ಲಿ ಮಲಗುತ್ತಿದ್ದರು. ತನ್ನ ಮೇಲೆ ಅವರಿಗೆ ಬೇಸರ ಹುಟ್ಟಿದೆಯೆಂದು ಆಕೆ ನಂಬಿದ್ದರು. ಪತಿಯಲ್ಲಿದ್ದುದು ಬೇಸರವಲ್ಲ, ನಾಚಿಕೆ. ಬಹುಕಾಲದ ಮಧುಮೇಹದಿಂದ ಅವರಿಗೆ ನಿಮಿರುವಿಕೆಯ ದೌರ್ಬಲ್ಯ ಉಂಟಾಗಿತ್ತು. ಯಾರಿಗೂ ಹೇಳಲಾರದೆ ಜಾತ್ರೆಯಲ್ಲಿ ಕೊಂಡ ಹೆಸರಿಲ್ಲದ ಚೂರ್ಣವನ್ನು ಸೇವಿಸುತ್ತಿದ್ದರು. ಎದೆನೋವಿಗೆಂದು ಹೃದಯತಜ್ಞರು ಕೊಟ್ಟ ನೈಟ್ರೇಟ್ ಗುಳಿಗೆಯೂ ಜೇಬಿನಲ್ಲಿತ್ತು. ನಮಗೆ ಗಾಬರಿಯಾದುದು ಇಲ್ಲಿ.

ಇಂತಹ 'ಗಿಡಮೂಲಿಕೆ' ಚೂರ್ಣಗಳಲ್ಲಿ ಸಿಲ್ಡೆನಾಫಿಲ್ ಎಂಬ ಆಧುನಿಕ ಔಷಧಿಯನ್ನು ಗುಟ್ಟಾಗಿ ಬೆರೆಸಿರುವುದು ಪದೇ ಪದೇ ಪತ್ತೆಯಾಗಿದೆ. ಆ ಔಷಧಿ ಕೆಟ್ಟದ್ದಲ್ಲ. ವೈದ್ಯರ ಸಲಹೆಯಂತೆ ಸೇವಿಸಿದರೆ ಅನೇಕರಿಗೆ ನೆರವಾಗುತ್ತದೆ. ಆದರೆ ನೈಟ್ರೇಟಿನೊಡನೆ ಸೇರಿದರೆ ರಕ್ತದೊತ್ತಡ ಒಮ್ಮೆಲೇ ಕುಸಿದು ಪ್ರಾಣಕ್ಕೇ ಎರವಾಗಬಹುದು. ಆಯುರ್ವೇದದ ಹೆಸರಿನಲ್ಲಿ ನಡೆಯುವ ಈ ವಂಚನೆ ನಮ್ಮಂತಹ ವೈದ್ಯರಿಗೆ ಹೆಚ್ಚು ನೋವು ತರುತ್ತದೆ.

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿದ್ದರೆ ಸೂಕ್ಷ್ಮ ನರಗಳೂ ರಕ್ತನಾಳಗಳ ಒಳಪದರವೂ ಕೆಡುತ್ತವೆ. ಶಿಶ್ನದ ರಕ್ತನಾಳಗಳ ವ್ಯಾಸ 1ರಿಂದ 2 ಮಿ.ಮೀ., ಹೃದಯದ ರಕ್ತನಾಳಗಳದ್ದು 3ರಿಂದ 4 ಮಿ.ಮೀ. ಕಿರಿದಾದುದರಲ್ಲಿ ತೊಡಕು ಮೊದಲು ಕಾಣುತ್ತದೆ. ಹೀಗಾಗಿ ಈ ದೌರ್ಬಲ್ಯವು ಹೃದ್ರೋಗದ ಮುನ್ಸೂಚನೆಯೂ ಆಗಿರಬಹುದು; ಎದೆನೋವಿಲ್ಲದವರೂ ಹೃದಯ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ರಕ್ತದೊತ್ತಡದ ಕೆಲವು ಮಾತ್ರೆಗಳು, ತಂಬಾಕು, ಮದ್ಯ, ಮನಸ್ಸಿನ ಕುಗ್ಗುವಿಕೆ ಸಹ ಕಾರಣವಾಗುತ್ತವೆ. ಹಾಗೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು, ಬರೆದುಕೊಟ್ಟವರನ್ನು ಕೇಳಿ ಬದಲಿಸಿಕೊಳ್ಳಬೇಕು.

ಚರಕಾಚಾರ್ಯರು ಪ್ರಮೇಹದಲ್ಲಿ ಕೆಡುವ ಅಂಶಗಳನ್ನು ಹೇಳುವಾಗ ಶುಕ್ರ, ಓಜಸ್ಸುಗಳನ್ನೂ ಎಣಿಸಿದ್ದಾರೆ. ವಾಜೀಕರಣವು ಅಷ್ಟಾಂಗಗಳಲ್ಲಿ ಒಂದು ಎಂಬುದೂ ನಿಜ. ಆದರೆ ವಾಜೀಕರಣದ ಲೇಹ್ಯಗಳಲ್ಲಿ ಅನೇಕವು ಸಕ್ಕರೆ, ತುಪ್ಪ, ಹಾಲುಗಳಿಂದ ಕೂಡಿದವು. ಮಧುಮೇಹಿಯು ಅವನ್ನು ಚಮಚಗಟ್ಟಲೆ ನೆಕ್ಕಿದರೆ ಮೂಲರೋಗವೇ ಬೆಳೆಯುತ್ತದೆ! ಅಶ್ವಗಂಧದಂತಹ ಮೂಲಿಕೆಯೂ ರಕ್ತದ ಸಕ್ಕರೆಯನ್ನು ಇಳಿಸಬಲ್ಲದಾದ್ದರಿಂದ, ಇನ್ಸುಲಿನ್ ಅಥವಾ ಮಾತ್ರೆ ಸೇವಿಸುವವರು ವೈದ್ಯರಿಗೆ ತಿಳಿಸದೆ ಬಳಸಬಾರದು.

ಸ್ತ್ರೀಯರ ಕಷ್ಟ ಇನ್ನೂ ಮೌನದ್ದು. ಯೋನಿಯ ಶುಷ್ಕತೆ, ನೋವು, ಮತ್ತೆ ಮತ್ತೆ ಕಾಡುವ ತುರಿಕೆ ಹಾಗೂ ಬಿಳಿಸೆರಗನ್ನು 'ವಯಸ್ಸಾಯಿತು' ಎಂದು ಸಹಿಸುತ್ತಾರೆ. ಇವುಗಳಲ್ಲಿ ಬಹುಪಾಲು ಸಕ್ಕರೆಯ ಏರಿಕೆಗೆ, ಅದರಿಂದ ಬೆಳೆಯುವ ಶಿಲೀಂಧ್ರಕ್ಕೆ ಸಂಬಂಧಿಸಿದವು, ಚಿಕಿತ್ಸೆ ಸುಲಭ. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಹೊಸ ಮಾತ್ರೆಗಳನ್ನು ಸೇವಿಸುವ ಸ್ತ್ರೀಪುರುಷರಿಬ್ಬರಲ್ಲಿಯೂ ಈ ತುರಿಕೆ ಹೆಚ್ಚು.

ಆ ದಂಪತಿಗಳನ್ನು, ಇಬ್ಬರ ಸಮ್ಮತಿ ಪಡೆದು, ಒಟ್ಟಿಗೆ ಕೂರಿಸಿ ಎಲ್ಲವನ್ನೂ ವಿವರಿಸಿದೆವು. ಚೂರ್ಣವನ್ನು ಅಂದೇ ನಿಲ್ಲಿಸಿದರು, ಹೃದಯತಜ್ಞರನ್ನೂ ಕಂಡರು. ನಡಿಗೆ, ಪಥ್ಯಗಳಿಂದ ಸಕ್ಕರೆ ಹತೋಟಿಗೆ ಬಂತು. ದೌರ್ಬಲ್ಯ ಪೂರ್ಣವಾಗಿ ಹೋಗಲಿಲ್ಲ. ಆದರೆ ಆರು ತಿಂಗಳ ಬಳಿಕ ಬಂದಾಗ ಆಕೆ ನಿದ್ರೆಯ ಮಾತೆತ್ತಲಿಲ್ಲ, ನಾವೇ ಕೇಳಿದೆವು. ಹಾಸಿಗೆ ಪಡಸಾಲೆಯಿಂದ ಒಳಗೆ ಬಂದಿದೆಯೆಂದಷ್ಟೇ ಹೇಳಿದರು.