ಈದ ಹಸು ಏಳದಿದ್ದರೆ: ನರಕ್ಕೆ ಪ್ರತಿ ಗಂಟೆಯೂ ಲೆಕ್ಕ



ಕರು ಹಾಕಿದ ಹಸು ನೆಲ ಹಿಡಿದರೆ ಮನೆಯಲ್ಲಿ ಮೊದಲು ಕೇಳುವ ಮಾತು, “ಕ್ಯಾಲ್ಸಿಯಂ ಕಮ್ಮಿಯಾಗಿದೆ, ಬಾಟಲಿ ಹಾಕಿಸಿ” ಎಂಬುದು. ಎಷ್ಟೋ ಸಲ ಅದು ಸರಿಯೇ. ಆದರೆ ಬಾಟಲಿ ಹಾಕಿದ ಮೇಲೂ ಕೆಲವು ಹಸುಗಳು ಏಳುವುದಿಲ್ಲ. ಮೇವು ತಿನ್ನುತ್ತವೆ, ನೀರು ಕುಡಿಯುತ್ತವೆ, ಕರುವನ್ನು ನೆಕ್ಕುತ್ತವೆ, ಏಳಲು ಹವಣಿಸುತ್ತವೆ. ಹಿಂಭಾಗ ಮಾತ್ರ ಮೇಲೇಳುವುದಿಲ್ಲ. ಇಂಥ ಹಲವು ಹಸುಗಳಲ್ಲಿ ಪೆಟ್ಟು ಬಿದ್ದಿರುವುದು ಹಿಂಗಾಲಿನ ನರ ಮತ್ತು ಮಾಂಸಖಂಡಗಳಿಗೆ. ಅಲ್ಲಿ ಔಷಧಿಯಷ್ಟೇ ಮುಖ್ಯವಾದದ್ದು ನಿಮ್ಮ ಆರೈಕೆ. ಏಕೆ ಎಂದು ತಿಳಿಯಲು ನರದ ಒಳಗೆ ಏನಿದೆ ಎಂದು ನೋಡೋಣ.

ನರದ ಮೇಲಿನ ಹೊದಿಕೆ

ಬೋರ್‌ವೆಲ್ ಮೋಟರಿನ ಕೇಬಲ್ ನೋಡಿದ್ದೀರಿ. ಮೇಲೆ ಒಂದು ದಪ್ಪ ಹೊದಿಕೆ, ಒಳಗೆ ಹಲವು ವೈರ್, ಪ್ರತಿ ವೈರಿಗೂ ಅದರದೇ ಕವಚ. ಕಾಲಿನ ನರವೂ ಹೆಚ್ಚು ಕಡಿಮೆ ಹಾಗೆಯೇ. ಅದರೊಳಗೆ ಸಾವಿರಾರು ಸೂಕ್ಷ್ಮ ನರತಂತುಗಳಿವೆ. ಕಾಲನ್ನು ಆಡಿಸುವ ತಂತುಗಳ ಸುತ್ತ ಕೊಬ್ಬಿನಂಶ ಹೆಚ್ಚಿರುವ ಬಿಳಿ ಹೊದಿಕೆ ಇದೆ. ಅದರ ಹೆಸರು ಮಯಲಿನ್.

ಈ ಹೊದಿಕೆ ಉದ್ದಕ್ಕೂ ಒಂದೇ ಸಮನೆ ಇರುವುದಿಲ್ಲ, ನಡುನಡುವೆ ಸಣ್ಣ ಸಂದುಗಳಿವೆ. ಫ್ರಾನ್ಸಿನ ವಿಜ್ಞಾನಿ ರಾನ್ವಿಯರ್ 1870ರ ದಶಕದಲ್ಲಿ ಇವನ್ನು ವಿವರಿಸಿದರು. ಮೆದುಳಿನ ಸಂದೇಶ ಒಂದು ಸಂದಿನಿಂದ ಇನ್ನೊಂದಕ್ಕೆ ಜಿಗಿಯುತ್ತಾ ಹೋಗುತ್ತದೆ. ಹೊದಿಕೆ ಇಲ್ಲದ ತಂತುವಿನಲ್ಲಿ ಸಂದೇಶ ಸೆಕೆಂಡಿಗೆ ಸುಮಾರು 1 ಮೀಟರ್ ಸಾಗಿದರೆ, ದಪ್ಪ ಹೊದಿಕೆ ಇರುವ ತಂತುವಿನಲ್ಲಿ 70 ಮೀಟರ್‌ಗೂ ಹೆಚ್ಚು ಸಾಗಬಲ್ಲದು. ಹೊದಿಕೆ ಕೆಟ್ಟರೆ ಸಂದೇಶ ನಿಧಾನವಾಗುತ್ತದೆ ಅಥವಾ ದಾರಿಯಲ್ಲೇ ನಿಲ್ಲುತ್ತದೆ. ಹಸುವಿಗೆ ಏಳುವ ಮನಸ್ಸಿದ್ದರೂ ಕಾಲಿಗೆ ಅಪ್ಪಣೆ ತಲುಪುವುದಿಲ್ಲ.

ಪೆಟ್ಟಿನಲ್ಲಿ ಮೂರು ದರ್ಜೆ

ಬ್ರಿಟನ್ನಿನ ವೈದ್ಯ ಸೆಡನ್ 1943ರಲ್ಲಿ ನರದ ಪೆಟ್ಟನ್ನು ಮೂರು ದರ್ಜೆಯಾಗಿ ವಿಂಗಡಿಸಿದರು. ಜಾನುವಾರುಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

1. ಹೊದಿಕೆಗೆ ಮಾತ್ರ ಪೆಟ್ಟು: ಒಳಗಿನ ತಂತು ಗಟ್ಟಿಯಾಗಿದೆ. ಹೊದಿಕೆ ಮತ್ತೆ ಕಟ್ಟಿಕೊಳ್ಳುತ್ತದೆ. ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ ಕಾಲು ಸರಿಹೋಗುತ್ತದೆ.

2. ಒಳಗಿನ ತಂತು ತುಂಡಾಗಿದೆ, ಹೊರಗಿನ ಕೊಳವೆ ಉಳಿದಿದೆ: ತಂತು ಅದೇ ಕೊಳವೆಯಲ್ಲಿ ಮತ್ತೆ ಬೆಳೆಯುತ್ತದೆ, ಆದರೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ. 10 ಸೆಂಟಿಮೀಟರ್ ದಾರಿಗೆ 100 ದಿನ ಬೇಕು. ಪೆಟ್ಟು ಸೊಂಟದ ಹತ್ತಿರ ಬಿದ್ದು 40 ಸೆಂಟಿಮೀಟರ್ ಸಾಗಬೇಕಿದ್ದರೆ 400 ದಿನ. ಅಷ್ಟರೊಳಗೆ ಮಾಂಸಖಂಡ ಸೊರಗಿ ಹೋಗುತ್ತದೆ.

3. ನರವೇ ಪೂರ್ತಿ ಕಡಿದಿದೆ: ತಾನಾಗಿ ಸರಿಹೋಗುವ ಆಸೆ ಬಹಳ ಕಡಿಮೆ.

ಒತ್ತಡ ಮುಂದುವರಿದಂತೆ ಮೊದಲ ದರ್ಜೆಯ ಪೆಟ್ಟು ಎರಡನೆಯದಕ್ಕೆ ಇಳಿಯಬಹುದು. ಅದನ್ನು ತಡೆಯುವುದೇ ನಮ್ಮ ಕೆಲಸ.

ನರ ಎಲ್ಲಿ ನಲುಗುತ್ತದೆ?

ಕರು ದೊಡ್ಡದಾಗಿ ಹಾದಿಯಲ್ಲಿ ಸಿಕ್ಕಿಕೊಂಡರೆ ಸೊಂಟದ ಮೂಳೆಯ ಒಳಬದಿಯ ನರಗಳು ನಲುಗುತ್ತವೆ. ಆಗ ಹಿಂಗಾಲುಗಳು ಎರಡೂ ಬದಿಗೆ ಜಾರಿ ಅಗಲುತ್ತವೆ. ಮೊದಲ ಸೂಲಿನ ಕಡಸುಗಳಲ್ಲಿ ಇದು ಹೆಚ್ಚು.

ಹಿಂಗಾಲಿನ ಮಂಡಿಯ ಹೊರಬದಿಯಲ್ಲಿ ಒಂದು ನರ ಚರ್ಮದ ಕೆಳಗೇ ಹಾದುಹೋಗುತ್ತದೆ. ಹಸು ಸಿಮೆಂಟ್ ನೆಲದ ಮೇಲೆ ಬಹಳ ಹೊತ್ತು ಮಲಗಿದರೆ ಅದು ನೆಲಕ್ಕೂ ಮೂಳೆಗೂ ನಡುವೆ ಸಿಕ್ಕಿ ನಜ್ಜಾಗುತ್ತದೆ. ಎದ್ದ ಮೇಲೂ ಗೊರಸಿನ ಮೇಲಿನ ಕೀಲು ಮುಂದಕ್ಕೆ ಮಡಚಿ, ಗೊರಸು ನೆಲಕ್ಕೆ ಉಜ್ಜುತ್ತದೆ.

ಮೂರನೆಯದು ಹಸುವಿನ ಸ್ವಂತ ಭಾರ. 400 ಕಿಲೋ ದೇಹದ ಕೆಳಗೆ ಸಿಕ್ಕ ತೊಡೆಗೆ ರಕ್ತ ಹರಿಯುವುದಿಲ್ಲ, ಮಾಂಸ ಬಾತು ಒಳಗಿನ ನರವನ್ನು ಒತ್ತುತ್ತದೆ. 1982ರಲ್ಲಿ ಅಮೆರಿಕದ ಪಶುವೈದ್ಯರು ಪ್ರಕಟಿಸಿದ ಪ್ರಯೋಗದಲ್ಲಿ, ಆರೋಗ್ಯವಾಗಿದ್ದ ಹಸುಗಳಿಗೆ ಅರಿವಳಿಕೆ ಕೊಟ್ಟು, ಒಂದು ಹಿಂಗಾಲು ದೇಹದ ಕೆಳಗೆ ಸಿಕ್ಕುವಂತೆ 6, 9 ಮತ್ತು 12 ಗಂಟೆ ಮಲಗಿಸಿದರು. ಕಾಯಿಲೆ ಏನೂ ಇಲ್ಲದಿದ್ದರೂ ಅವುಗಳಲ್ಲಿ ಹಲವು ಮತ್ತೆ ಏಳಲಾಗಲಿಲ್ಲ. ಹಾಗಾಗಿ ರಾತ್ರಿ ಬಿದ್ದ ಹಸುವನ್ನು “ಬೆಳಿಗ್ಗೆ ನೋಡೋಣ” ಎಂದು ಬಿಟ್ಟರೆ, ಬರೀ ಹಾಲು ಜ್ವರವಾಗಿದ್ದದ್ದು ನರದ ಪೆಟ್ಟೂ ಆಗಬಹುದು.

ನೀವು ಮಾಡಬೇಕಾದದ್ದು

• ಹಸು ಮಲಗಿದ ಗಂಟೆಯನ್ನು ಬರೆದಿಡಿ. ಫೋನ್ ಮಾಡಿದಾಗ ಅದನ್ನೇ ಮೊದಲು ಹೇಳಿ. ಕಿವಿ ತಣ್ಣಗಿದೆಯೇ, ಕತ್ತು ಒಂದು ಬದಿಗೆ ಹೊರಳಿಸಿದೆಯೇ, ಮಂಕಾಗಿದೆಯೇ ಎಂದೂ ತಿಳಿಸಿ. ಇವು ಹಾಲು ಜ್ವರದ ಲಕ್ಷಣಗಳು. ಚುರುಕಾಗಿದ್ದೂ ಏಳದಿದ್ದರೆ ನರದ ಪೆಟ್ಟು, ಮೂಳೆ ಮುರಿತ, ಕೀಲು ತಪ್ಪಿರುವುದು, ಏನೂ ಇರಬಹುದು. ವೈದ್ಯರೇ ನೋಡಿ ಹೇಳಬೇಕು.

• ಸಿಮೆಂಟಿನಿಂದ ಮಣ್ಣಿನ ಅಥವಾ ಮರಳಿನ ಜಾಗಕ್ಕೆ ಸಾಗಿಸಿ. ಕಾಲು, ಬಾಲ ಹಿಡಿದು ಎಳೆಯಬೇಡಿ. ಗಟ್ಟಿ ಟಾರ್ಪಾಲಿನ ಮೇಲೆ ಹೊರಳಿಸಿ ಟಾರ್ಪಾಲನ್ನೇ ಎಳೆಯಿರಿ. ಕೆಳಗೆ ಒಂದು ಗೇಣು ದಪ್ಪ ಒಣ ಹುಲ್ಲು ಹಾಸಿ.

• ಹಗಲು ರಾತ್ರಿ ಎನ್ನದೆ 3–4 ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಎದೆಯ ಮೇಲೆ ಕೂತಂತೆ ಇರಲು ಪಕ್ಕಕ್ಕೆ ಹುಲ್ಲು ತುಂಬಿದ ಗೋಣಿಚೀಲ ಆನಿಸಿ. ಇದು ಒಬ್ಬಳೇ ಮಾಡುವ ಕೆಲಸವಲ್ಲ. ಸ್ವಸಹಾಯ ಸಂಘದ ನಾಲ್ವರನ್ನು ಕೂಗಿ, ಸರದಿ ಹಾಕಿಕೊಳ್ಳಿ.

• ಕಾಲು ಅಗಲುತ್ತಿದ್ದರೆ ಎರಡೂ ಹಿಂಗಾಲಿಗೆ ಬಟ್ಟೆ ಸುತ್ತಿ, ನಡುವೆ ಒಂದು ಮೊಳ ಬಿಟ್ಟು ಹಗ್ಗ ಕಟ್ಟಿ. ನೆಲ ಜಾರದಂತಿರಲಿ.

• ನೀರು, ಮೇವು ಬಾಯಿಗೆ ಎಟುಕುವಂತಿರಲಿ. ಕೆಚ್ಚಲು ಒದ್ದೆಯಾಗದಿರಲಿ.

“ನರಕ್ಕೆ ಬಲ ಬರುವ ಇಂಜೆಕ್ಷನ್ ಕೊಡಿ ಡಾಕ್ಟ್ರೇ” ಎಂದು ಹಲವರು ಕೇಳುತ್ತಾರೆ. ವಿಟಮಿನ್, ನೋವಿನ ಔಷಧಿ ಕೊಡುತ್ತೇವೆ. ಆದರೆ ನರದ ಮೇಲಿನ ಭಾರವನ್ನು ಇಳಿಸುವ ಇಂಜೆಕ್ಷನ್ ಇಲ್ಲ. ಅದನ್ನು ಇಳಿಸುವುದು ಮಗ್ಗುಲು ಬದಲಿಸುವ ಕೈಗಳು.

ಮುನ್ನೆಚ್ಚರಿಕೆ

ಈಯುವ ದಿನ ಹತ್ತಿರವಾದಾಗ ಹಸುವನ್ನು ಜಾರದ, ಮೆತ್ತನೆಯ ಜಾಗದಲ್ಲಿ ಕಟ್ಟಿ. ಕಡಸಿಗೆ ಗರ್ಭಧಾರಣೆ ಮಾಡಿಸುವಾಗ ಹೆರಿಗೆ ಸುಲಭವಾಗುವ ಹೋರಿಯ ವೀರ್ಯ ಕೇಳಿ. ಕರುವನ್ನು ನಾಲ್ಕಾರು ಜನ ಸೇರಿ ಬಲವಂತವಾಗಿ ಎಳೆಯಬೇಡಿ. ಕಲಿಯದವರಿಂದ ತೊಡೆಯ ಹಿಂಭಾಗಕ್ಕೆ ಇಂಜೆಕ್ಷನ್ ಹಾಕಿಸಬೇಡಿ. ಮುಖ್ಯವಾಗಿ ಕರುಗಳಲ್ಲಿ ಸೂಜಿ ನೇರ ನರಕ್ಕೇ ತಗಲಬಹುದು. ಕುತ್ತಿಗೆಯ ಮಾಂಸ ಸುರಕ್ಷಿತ.

ಹಸು ಮಲಗಿದಾಗ ಮೊದಲು ಕಾಣುವವರು ನೀವು. ಗಂಡಸರು ಮನೆಗೆ ಬರಲಿ, ಕೇಳಿ ಹೇಳೋಣ ಎಂದು ಕಾಯಬೇಡಿ. ತಕ್ಷಣ ವೈದ್ಯರಿಗೆ ಫೋನ್ ಮಾಡಿ, ಅವರು ಬರುವ ಮೊದಲೇ ಹುಲ್ಲು ಹಾಸಿ, ಮಗ್ಗುಲು ಬದಲಿಸಿ.