ಡಾಕ್ಟರ್ ಟೆಂಪಲ್ ಗ್ರ್ಯಾಂಡಿನ್

ಅಮೆರಿಕದ ಬಾಸ್ಟನ್ ನಗರದಲ್ಲಿ 1947ರ ಆಗಸ್ಟ್ 29ರಂದು ಹುಟ್ಟಿದ ಟೆಂಪಲ್ ಗ್ರ್ಯಾಂಡಿನ್ ಎಂಬ ಹೆಣ್ಣುಮಗು ಮೂರು ವರ್ಷ ತುಂಬಿದರೂ ಮಾತನಾಡಲಿಲ್ಲ. ತಾಯಿ ಎತ್ತಿಕೊಳ್ಳಹೋದರೆ ಮೈ ಸೆಟೆದುಕೊಳ್ಳುತ್ತಿತ್ತು. ಮರಳನ್ನು ಬೆರಳ ಸಂದಿಯಿಂದ ಸೋರಬಿಟ್ಟು ನೋಡುತ್ತ ಬಹಳ ಹೊತ್ತು ಕುಳಿತಿರುತ್ತಿತ್ತು. ಶಾಲೆಯ ಗಂಟೆಯ ಸದ್ದು ಆಕೆಯ ಕಿವಿಗೆ ಸಹಿಸಲಾರದ ನೋವನ್ನು ಕೊಡುತ್ತಿತ್ತು.

ಈ ಸ್ಥಿತಿಗೆ ಆಟಿಸಂ ಎಂದು ಹೆಸರು. ಲಿಯೋ ಕ್ಯಾನರ್ ಎಂಬ ವೈದ್ಯರು 1943ರಲ್ಲಿ ಇದನ್ನು ವಿವರಿಸಿದ್ದರು. ಇಂಥ ಮಕ್ಕಳನ್ನು ಮನೆಯಿಂದ ದೂರದ ಸಂಸ್ಥೆಗಳಿಗೆ ಸೇರಿಸಿ ಮರೆತುಬಿಡುವುದು ಆ ಕಾಲದ ರೂಢಿ. ತಾಯಿಯ ಪ್ರೀತಿ ಸಾಲದ್ದರಿಂದಲೇ ಮಗು ಹೀಗಾಯಿತೆಂದು ದೂರಿದ ಪಂಡಿತರೂ ಇದ್ದರು. ಹೆತ್ತವಳ ದುಃಖದ ಮೇಲೆ ಅಪರಾಧವನ್ನೂ ಹೊರಿಸಿದ ಈ ವಾದ ಮುಂದೆ ಸುಳ್ಳೆಂದು ಸಿದ್ಧವಾಯಿತು. ಟೆಂಪಲ್‌ಳ ತಾಯಿ ಮಾತ್ರ ಮಗಳನ್ನು ಬಿಟ್ಟುಕೊಡಲಿಲ್ಲ. ಮಾತು ಕಲಿಸುವವರನ್ನು ಗೊತ್ತುಮಾಡಿದರು. ಸರದಿ ಕಾಯುವ ಆಟಗಳನ್ನು ಆಡಿಸಲು ಒಬ್ಬ ದಾದಿಯನ್ನು ನೇಮಿಸಿದರು.

ಮಾತು ಬಂದರೂ ಕಷ್ಟ ತೀರಲಿಲ್ಲ. ಹೀಯಾಳಿಸಿದ ಸಹಪಾಠಿಯ ಮೇಲೆ ಪುಸ್ತಕವನ್ನೆಸೆದು ಆಕೆ ಪ್ರೌಢಶಾಲೆಯಿಂದ ಹೊರಬೀಳಬೇಕಾಯಿತು. ಆಮೇಲೆ ಸೇರಿದ ವಸತಿಶಾಲೆಯಲ್ಲಿ ಓದಿಗಿಂತ ಕುದುರೆಲಾಯದ ಕೆಲಸವೇ ಆಕೆಗೆ ಪ್ರಿಯವಾಯಿತು. ದಿನವೂ ಲಾಯ ಗುಡಿಸಿ, ಕುದುರೆಗಳಿಗೆ ಮೇವು ಹಾಕುವ ಹೊಣೆಯನ್ನು ಆಕೆ ತಪ್ಪದೆ ನಿರ್ವಹಿಸಿದಳು. ದುಡಿಮೆಯ ಶಿಸ್ತು ಮೈಗೂಡಿದುದು ಅಲ್ಲಿಯೇ.

ಅರಿಜೋನಾದಲ್ಲಿದ್ದ ಚಿಕ್ಕಮ್ಮನ ದನದ ಹೊಲದಲ್ಲಿ ಆಕೆ ಒಂದು ಸೋಜಿಗವನ್ನು ಕಂಡಳು. ಚುಚ್ಚುಮದ್ದು ಹಾಕಲು ಎರಡು ಹಲಗೆಗಳ ನಡುವೆ ಒತ್ತಿ ಹಿಡಿದಾಗ ಬೆದರಿದ ದನಗಳಲ್ಲಿ ಕೆಲವು ಶಾಂತವಾಗುತ್ತಿದ್ದವು. ಮನುಷ್ಯರ ಅಪ್ಪುಗೆಯನ್ನು ಸಹಿಸಲಾರದ ಆಕೆ ಅಂಥದೇ ಯಂತ್ರವೊಂದನ್ನು ತನಗಾಗಿ ಮರದಲ್ಲಿ ಕಟ್ಟಿಕೊಂಡಳು. ಅದರೊಳಗೆ ಆಕೆಯ ಕಳವಳ ತಗ್ಗುತ್ತಿತ್ತು. ಇದು ಹುಚ್ಚೆಂದು ಕೆಲವರು ಬಗೆದರು. ವಿಜ್ಞಾನದ ಅಧ್ಯಾಪಕ ವಿಲಿಯಂ ಕಾರ್ಲಾಕ್ ಅವರು ಹಾಗೆನ್ನಲಿಲ್ಲ. ಒತ್ತಡದಿಂದ ಶಾಂತಿ ದೊರೆಯುವುದೇಕೆಂದು ಓದಿ ತಿಳಿಯುವಂತೆ ಹುರಿದುಂಬಿಸಿದರು. ಓದಿನಲ್ಲಿ ಆಸಕ್ತಿಯಿಲ್ಲದ ಹುಡುಗಿ ಗ್ರಂಥಾಲಯಕ್ಕೆ ಹೋದುದು ಆ ಪ್ರಶ್ನೆಯ ಬೆನ್ನುಹತ್ತಿ.

1970ರಲ್ಲಿ ಮನಶ್ಶಾಸ್ತ್ರದಲ್ಲಿ ಪದವಿ ಪಡೆದ ಗ್ರ್ಯಾಂಡಿನ್, 1975ರಲ್ಲಿ ಪಶುವಿಜ್ಞಾನದ ಸ್ನಾತಕೋತ್ತರ ಪದವಿಯನ್ನು ಗಳಿಸಿದರು. ಅವರು ಆಲೋಚಿಸುವುದು ಮಾತುಗಳಲ್ಲಿ ಅಲ್ಲ, ಚಿತ್ರಗಳಲ್ಲಿ. ದನಗಳು ಸಾಗುವ ಓಣಿಯಲ್ಲಿ ತಾವೇ ಬಗ್ಗಿ ನಡೆದು, ಅವುಗಳ ಕಣ್ಣಿಗೆ ಬೀಳುವುದನ್ನು ನೋಡಿದರು. ತೂಗಾಡುವ ಸರಪಳಿ, ನೀರಿನ ಹೊಳಪು, ಬೇಲಿಯ ಮೇಲಿನ ಅಂಗಿ, ಒಂದು ನೆರಳು: ಇಷ್ಟೇ ಸಾಕಿತ್ತು ದನ ಹಿಂಜರಿಯಲು.

ಉಣ್ಣೆಗಳನ್ನು ಹೋಗಲಾಡಿಸಲು ದನಗಳನ್ನು ಔಷಧದ ತೊಟ್ಟಿಯಲ್ಲಿ ಮುಳುಗಿಸುತ್ತಿದ್ದರು. ಜಾರುವ ಇಳಿಜಾರಿನಲ್ಲಿ ಗಾಬರಿಗೊಂಡು ಕೆಲವು ಸಾಯುತ್ತಿದ್ದವು. ಕಾಲು ಜಾರದಂತೆ ಗೀರುಗಳಿದ್ದ ಇಳಿಜಾರನ್ನು ಗ್ರ್ಯಾಂಡಿನ್ ರಚಿಸಿದರು. ಕೆಲಸಗಾರರು ನಂಬದೆ ಅದರ ಮೇಲೆ ಲೋಹದ ತಗಡನ್ನು ಹಾಸಿಬಿಟ್ಟರು. ಎರಡು ದನಗಳು ಮುಳುಗಿ ಸತ್ತವು. ತಗಡನ್ನು ತೆಗೆಸಿದ ಮೇಲೆ ದನಗಳು ತಾವಾಗಿಯೇ ನಡೆದು ನೀರಿಗಿಳಿದವು.

ಸಂದರ್ಶನದಲ್ಲಿ ಚತುರವಾಗಿ ಮಾತನಾಡುವುದು ಅವರಿಗೆ ಸಾಧ್ಯವಿರಲಿಲ್ಲ. ಆದುದರಿಂದ ಮೊದಲು ತಮ್ಮ ನಕ್ಷೆಗಳನ್ನು ಮುಂದಿಡುತ್ತಿದ್ದರು. ನಕ್ಷೆಗಳೇ ಕೆಲಸವನ್ನು ತಂದುಕೊಟ್ಟವು. 1989ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ಕೊಲೊರಾಡೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕಿಯಾದರು. ಆಟಿಸಂ ಉಳ್ಳವರೆಲ್ಲರೂ ಪ್ರಾಧ್ಯಾಪಕರಾಗುವರೆಂದಲ್ಲ; ಜೀವನಪರ್ಯಂತ ಇನ್ನೊಬ್ಬರ ನೆರವು ಬೇಕಾದವರೂ ಅನೇಕರಿದ್ದಾರೆ. ಗ್ರ್ಯಾಂಡಿನ್ನರಿಗೂ ಆಟಿಸಂ ಬಿಟ್ಟುಹೋಗಲಿಲ್ಲ. ಇತರರು ಸಹಜವಾಗಿ ಕಲಿಯುವ ಲೋಕವ್ಯವಹಾರವನ್ನು ಅವರು ಪಾಠದಂತೆ ಕಲಿಯಬೇಕಾಯಿತು. ಹಿಂದೆ ಕಂಡ ಸನ್ನಿವೇಶಗಳನ್ನು ಚಲನಚಿತ್ರದಂತೆ ಮನಸ್ಸಿನಲ್ಲಿ ಕೂಡಿಟ್ಟುಕೊಂಡು, ಹೊಸಬರನ್ನು ಎದುರಿಸುವಾಗ ಅವುಗಳಲ್ಲೊಂದನ್ನು ಹುಡುಕಿ ತೆಗೆದು, ಅದರಂತೆ ನಡೆದುಕೊಳ್ಳುತ್ತ ಬಂದರು.