ಲಾಠಿಯಿಲ್ಲದ ಗಸ್ತಿನ ಪಾಠಗಳು

ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಸೀಮೆಯ ಒಂದು ಪಟ್ಟಣದಲ್ಲಿ ನಾನು ಪಿ.ಸಿ.ಎಸ್.ಒ. ಪೊಲೀಸ್ ಕಮ್ಯುನಿಟಿ ಸಪೋರ್ಟ್ ಆಫೀಸರ್ ಎಂಬ ಉದ್ದನೆಯ ಹೆಸರಿನ ಈ ಹುದ್ದೆ ಹುಟ್ಟಿದ್ದು 2002ರ ಪೊಲೀಸ್ ಸುಧಾರಣಾ ಕಾಯ್ದೆಯಿಂದ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇದೆ, ಪಕ್ಕದ ಸ್ಕಾಟ್ಲೆಂಡ್‌ನಲ್ಲಿ ಇಲ್ಲ. ನಮಗೆ ಸಮವಸ್ತ್ರವಿದೆ, ರೇಡಿಯೊ ಇದೆ, ಚಾಕು ಇರಿತ ತಡೆಯುವ ಕವಚವಿದೆ, ಎದೆಯ ಮೇಲೊಂದು ಕ್ಯಾಮೆರಾ ಇದೆ. ಕಾನ್‌ಸ್ಟೇಬಲ್‌ಗಳಿಗಿರುವ ಬಂಧನದ ಅಧಿಕಾರ ಇಲ್ಲ. ನಮ್ಮ ಪಡೆಯಲ್ಲಿ ಕೈಬೇಡಿಯೂ ಇಲ್ಲ. ತುಮಕೂರಿನಲ್ಲಿರುವ ಅಪ್ಪ ವಿಡಿಯೊ ಕಾಲ್‌ನಲ್ಲಿ ನನ್ನ ವೇಷ ನೋಡಿ, "ಲಾಠಿನೂ ಕೊಟ್ಟಿಲ್ವೇನಮ್ಮಾ? ಮತ್ತೆ ನಿಂಗೆ ಹೆದರೋರು ಯಾರು?" ಎಂದರು. ಅವತ್ತು ಉತ್ತರ ಹೊಳೆಯಲಿಲ್ಲ.

ಇಲ್ಲಿನ ನಮ್ಮ ಕನ್ನಡದವರಲ್ಲಿ ಒಂದಿಬ್ಬರು ಕಿರಿಯರು ಈ ಕೆಲಸಕ್ಕೆ ಅರ್ಜಿ ಹಾಕುವ ಯೋಚನೆಯಲ್ಲಿದ್ದಾರೆ. "ಅಕ್ಕಾ, ಹೇಗಿರುತ್ತೆ?" ಎಂದು ಅವರು ಕೇಳಿದಾಗ ನೆನಪಾದದ್ದೆಲ್ಲ ಎಡವಟ್ಟುಗಳೇ. ಅವನ್ನೇ ಬರೆಯುತ್ತಿದ್ದೇನೆ.

1. ಕಲಮು ಹೇಳಿದರೆ ಯಾರೂ ಹೆದರುವುದಿಲ್ಲ

ತರಬೇತಿಯಲ್ಲಿ ನಮ್ಮ ಅಧಿಕಾರಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ್ದೆ. ಹದಿನೆಂಟು ತುಂಬದವರ ಕೈಯಿಂದ ಮದ್ಯ, ಹದಿನಾರು ತುಂಬದವರ ಕೈಯಿಂದ ಸಿಗರೇಟು ಕಿತ್ತುಕೊಳ್ಳಬಹುದು. ಸಾರ್ವಜನಿಕರಿಗೆ ಕಾಟ ಕೊಡುವವರ ಹೆಸರು, ವಿಳಾಸ ಕೇಳಬಹುದು. ಪಾರ್ಕಿನ ಬೆಂಚಿನ ಮೇಲೆ ಸೈಡರ್ ಕುಡಿಯುತ್ತಿದ್ದ ಹುಡುಗರ ಮುಂದೆ ನಿಂತು ಇದನ್ನೆಲ್ಲ ಕಾಯ್ದೆಯ ಹೆಸರು, ಇಸವಿ ಸಮೇತ ಒಪ್ಪಿಸಿದೆ. ಅವರು ತುಂಬ ವಿನಯದಿಂದ ಕೇಳಿಸಿಕೊಂಡರು. ಒಬ್ಬ ತನ್ನ ಹೆಸರು ಜೇಮ್ಸ್ ಮಿಲ್ನರ್ ಎಂದ. ನಾನು ಬರೆದುಕೊಂಡೆ. ಅಷ್ಟಕ್ಕೇ ಬಿಡದೆ ಪರಿಶೀಲನೆಗೆಂದು ರೇಡಿಯೊದಲ್ಲಿ ಕಂಟ್ರೋಲ್ ರೂಮಿಗೂ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ಫುಟ್‌ಬಾಲ್ ಆಡುವ ಮಿಲ್ನರಾ?" ಎಂದು ಪ್ರಶ್ನೆ ಬಂತು. ಕ್ರಿಕೆಟ್ಟಿನ ಊರಿನಿಂದ ಬಂದವಳಿಗೆ ಅವನ್ಯಾರೆಂದು ಹೇಗೆ ಗೊತ್ತಾಗಬೇಕು? ಆ ಚಾನೆಲ್ಲಿನಲ್ಲಿದ್ದ ಪಟ್ಟಣದ ಪೊಲೀಸರೆಲ್ಲ ಕೇಳಿಸಿಕೊಂಡಿದ್ದರು.

ನನ್ನ ಜೊತೆಗಾರ್ತಿ ಮಾರನೆಯ ವಾರ ಅದೇ ಹುಡುಗರ ಪಕ್ಕ ಕೂತು, ಯಾರ ಅಮ್ಮ ಯಾವ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ ಎಂಬಲ್ಲಿಂದ ಮಾತು ತೆಗೆದಳು. ಬಾಟಲಿಗಳನ್ನು ಅವರೇ ಚರಂಡಿಗೆ ಸುರಿದರು.

2. ನೋಟ್‌ಬುಕ್ಕಿನ ಹಾಳೆ ಹರಿಯುವ ಹಾಗಿಲ್ಲ

ಹರಿದು ಹಾಕಬಹುದಾಗಿದ್ದರೆ ಮಿಲ್ನರ್ ಪುಟವನ್ನು ಅವತ್ತೇ ಹರಿಯುತ್ತಿದ್ದೆ. ಜೇಬಿನ ಆ ಪುಸ್ತಕದಲ್ಲಿ ಅಳಿಸುವಂತಿಲ್ಲ, ಸಾಲುಗಳ ನಡುವೆ ತುರುಕುವಂತಿಲ್ಲ, ಜಾಗ ಖಾಲಿ ಬಿಡುವಂತಿಲ್ಲ. ತಪ್ಪಾದರೆ ಓದಲು ಬರುವ ಹಾಗೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು. ಜನ ಆಡಿದ ಮಾತನ್ನು ಆಡಿದ ಹಾಗೇ, ಬೈಗುಳವಿದ್ದರೆ ಬೈಗುಳ ಸಮೇತ ಬರೆಯಬೇಕು. ಮೊದಮೊದಲು ನಾನು ಸಭ್ಯವಾಗಿ ತಿದ್ದಿ ಬರೆಯುತ್ತಿದ್ದೆ. "ನ್ಯಾಯಾಲಯಕ್ಕೆ ನಿನ್ನ ಸಭ್ಯತೆ ಬೇಕಿಲ್ಲ" ಎಂದು ಸಾರ್ಜೆಂಟ್ ತಿಳಿಸಿದರು.

3. ಹರಟೆಯೂ ಕೆಲಸವೇ, ಆದರೆ ಬರೆದಿಟ್ಟರೆ ಮಾತ್ರ

ಇದನ್ನು ಹೇಳಿಕೊಳ್ಳಲು ಈಗಲೂ ಮುಜುಗರ. ನನ್ನ ಬೀಟಿನಲ್ಲಿ ಒಬ್ಬರು ಅಜ್ಜಿ ಇದ್ದರು. ಬಾಗಿಲು ತಟ್ಟಿದರೆ ಚಹಾ ಕೊಡದೆ ಕಳಿಸುತ್ತಿರಲಿಲ್ಲ. ಒಂದು ದಿನ ಮಾತಿನ ನಡುವೆ, ಮೇಲಿನ ಫ್ಲಾಟಿನಲ್ಲಿ ಒಂಟಿಯಾಗಿದ್ದ ವ್ಯಕ್ತಿ ಪೇಪರ್ ತರಲು ಕೆಳಗೆ ಬರುವುದನ್ನೇ ನಿಲ್ಲಿಸಿದ್ದಾನೆ ಎಂದರು. ಹಗಲಲ್ಲೂ ಪರದೆ ಎಳೆದೇ ಇರುತ್ತದೆ, ಎಂದೂ ಕಾಣದ ಹುಡುಗರು ರಾತ್ರಿ ಮೆಟ್ಟಿಲು ಹತ್ತಿ ಇಳಿಯುತ್ತಾರೆ. "ನೆಂಟರಿರಬೇಕು, ಒಳ್ಳೆಯದೇ ಆಯಿತು, ಪಾಪ ಒಬ್ಬನೇ ಇದ್ದ" ಎಂದು ಅವರೇ ಹೇಳಿಕೊಂಡರು. ನಾನೂ ಹೌದೆಂದು ತಲೆಯಾಡಿಸಿ ಎರಡನೇ ಬಿಸ್ಕತ್ತು ತಗೊಂಡೆ.

ಇಲ್ಲಿ ದೊಡ್ಡ ನಗರಗಳ ಮಾದಕವಸ್ತು ತಂಡಗಳು ಸಣ್ಣ ಊರುಗಳಿಗೆ ಮಾಲು ಸಾಗಿಸುವ ಜಾಲಕ್ಕೆ ಕೌಂಟಿ ಲೈನ್ಸ್ ಎನ್ನುತ್ತಾರೆ. ಆ ತಂಡಗಳಿಗೆ ಇಲ್ಲೊಂದು ಸೂರು ಬೇಕು. ವಯಸ್ಸಾದವರು, ಬುದ್ಧಿಮಾಂದ್ಯರು, ಚಟಕ್ಕೆ ಬಿದ್ದವರು, ಒಟ್ಟಿನಲ್ಲಿ ಕೇಳುವವರಿಲ್ಲದವರ ಮನೆಗೆ ಗೆಳೆತನದ ಹೆಸರಲ್ಲಿ ನುಗ್ಗಿ ಅದನ್ನೇ ಅಡ್ಡೆ ಮಾಡಿಕೊಳ್ಳುತ್ತಾರೆ. ಪೊಲೀಸರು ಇದನ್ನು ಕಕೂಯಿಂಗ್ ಎಂದು ಕರೆಯುತ್ತಾರೆ, ಕೋಗಿಲೆ ಪರರ ಗೂಡು ಹಿಡಿಯುವ ಹಾಗೆ. ಎಳೆದ ಪರದೆ, ಹೊಸ ಮುಖಗಳು, ಮನೆಯವನೇ ಮರೆಯಾಗುವುದು, ಎಲ್ಲವೂ ತರಬೇತಿಯಲ್ಲಿ ಹೇಳಿಕೊಟ್ಟ ಲಕ್ಷಣಗಳೇ. ಆದರೆ ಅದು ಚಹಾದ ಜೊತೆ ಬಂದದ್ದರಿಂದ ನನಗೆ ಮಾಹಿತಿ ಅನಿಸಲಿಲ್ಲ, ಊರ ಸುದ್ದಿ ಅನಿಸಿತು. ಠಾಣೆಗೆ ಹೋಗಿ ಮಾಹಿತಿ ವರದಿ ಹಾಕಲಿಲ್ಲ.

ಕೆಲವು ವಾರಗಳ ನಂತರ ಬೇರೆ ಯಾರೋ ಕೊಟ್ಟ ದೂರಿನ ಮೇಲೆ ಆ ಬಾಗಿಲು ತೆರೆಸಿದರು. ಅವನು ತನ್ನ ಮನೆಯ ಅಡುಗೆಕೋಣೆಯಲ್ಲಿ ನೆಲದ ಮೇಲೆ ಮಲಗುತ್ತಿದ್ದನಂತೆ. ಯಾರೂ ನನ್ನನ್ನು ಬೈಯಲಿಲ್ಲ, ಏಕೆಂದರೆ ನನಗೆ ಮೊದಲೇ ಗೊತ್ತಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ನಾನೇ ಹೋಗಿ ಸಾರ್ಜೆಂಟ್‌ಗೆ ಹೇಳಿದೆ. ಅಂದಿನಿಂದ ಶಿಫ್ಟಿನ ಕೊನೆಯ ಅರ್ಧ ಗಂಟೆ ಬರೆಯುವುದಕ್ಕೇ ಮೀಸಲು. ಕೆಲಸಕ್ಕೆ ಬಾರದ್ದು ಎನಿಸಿದ್ದನ್ನೂ ಬರೆಯುತ್ತೇನೆ, ಯಾವುದು ಬೇಡ ಎಂದು ಆರಿಸುವವರು ಬೇರೆ ಇದ್ದಾರೆ.

4. ಸಾಹೇಬರ ಹೆಸರನ್ನೂ ಕೇಳಬೇಕು

ಅಪರಾಧ ನಡೆದ ಜಾಗಕ್ಕೆ ಟೇಪು ಕಟ್ಟಿ ಕಾಯುವುದು ನಮ್ಮ ಪಾಲಿಗೆ ಮೇಲಿಂದ ಮೇಲೆ ಬರುವ ಕೆಲಸ. ಒಳಗೆ ಹೋದವರು ಯಾರು, ಎಷ್ಟು ಹೊತ್ತಿಗೆ, ಯಾಕೆ ಎಂದು ದಾಖಲಿಸುತ್ತ ಗಂಟೆಗಟ್ಟಲೆ ನಿಲ್ಲಬೇಕು. (ಜನವರಿಯಲ್ಲಾದರೆ ಎರಡು ಜೊತೆ ಕಾಲುಚೀಲ.) ಒಮ್ಮೆ ಹಿರಿಯ ಅಧಿಕಾರಿಯೊಬ್ಬರು ಬಂದರು. ನಾನು ಸೆಟೆದು ನಿಂತು ಟೇಪು ಎತ್ತಿ ಹಿಡಿದೆ. ಸಾಹೇಬರ ಹೆಸರು ಕೇಳುವುದೆಂದರೆ ನಮ್ಮ ಕಡೆ ಏನರ್ಥ! ಅವರು ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು, "ನನ್ನನ್ನು ಬರೆದುಕೊಂಡೆಯಾ?" ಎಂದರು. ಇಲ್ಲ ಎಂದೆ. ಟೇಪಿನ ಹೊರಗೆ ಬಂದು ನಿಂತು ಹೆಸರು, ಹುದ್ದೆ, ಕಾರಣ ನಿಧಾನವಾಗಿ ಹೇಳಿ ಮತ್ತೆ ಒಳಗೆ ಹೋದರು.

5. ನಮ್ಮವರ ಮುಂದೆಯೇ ನನ್ನ ಬೇಳೆ ಬೇಯಲಿಲ್ಲ

ದೀಪಾವಳಿ ಹತ್ತಿರವಾದರೆ ಇಲ್ಲಿನ ಭಾರತೀಯ ಕುಟುಂಬಗಳ ಚಿನ್ನದ ಮೇಲೆ ಕಳ್ಳರ ಕಣ್ಣು. ಪೊಲೀಸ್ ಪಡೆಗಳು ಪ್ರತಿವರ್ಷ ಎಚ್ಚರಿಕೆ ಕೊಡುತ್ತವೆ. ರಾಜ್ಯೋತ್ಸವದ ಕಾರ್ಯಕ್ರಮವೊಂದರಲ್ಲಿ ಕನ್ನಡದಲ್ಲೇ ಭಾಷಣ ಮಾಡುವ ಅವಕಾಶ ಸಿಕ್ಕಿತೆಂದು ಹಿಗ್ಗಿ ಹೋಗಿ, "ಚಿನ್ನವನ್ನು ಬ್ಯಾಂಕ್ ಲಾಕರಿನಲ್ಲಿಡಿ" ಎಂದೆ. ಮುಂದಿನ ಸಾಲಿನ ಆಂಟಿಯೊಬ್ಬರು, "ಯಾವ ಬ್ಯಾಂಕ್ನಲ್ಲಿ ಕೊಡ್ತಾರೆ ಹೇಳಮ್ಮಾ, ನಾನೂ ಇಡ್ತೀನಿ" ಎಂದರು. ಇಲ್ಲಿನ ದೊಡ್ಡ ಬ್ಯಾಂಕುಗಳಲ್ಲಿ ಹಲವು ಹೊಸದಾಗಿ ಲಾಕರ್ ಕೊಡುವುದನ್ನೇ ನಿಲ್ಲಿಸಿವೆ. ಕರಪತ್ರದಲ್ಲಿದ್ದದ್ದನ್ನು ನಾನು ಸುಮ್ಮನೆ ಕನ್ನಡಕ್ಕೆ ತಿರುಗಿಸಿದ್ದೆ, ವಿಚಾರಿಸಿರಲಿಲ್ಲ.

ಈಗ ಭಾಷಣ ಮಾಡುವುದಿಲ್ಲ. ಊಟದ ಸಾಲಿನಲ್ಲಿ ನಿಂತಾಗ ಹೇಳುತ್ತೇನೆ: ಒಂದೊಂದು ಒಡವೆಯನ್ನೂ ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಫೋಟೊ ತೆಗೆಯಿರಿ. ಮನೆ ವಿಮೆಯಲ್ಲಿ ಒಂದು ವಸ್ತುವಿಗೆ ಎಷ್ಟು ಮಿತಿ ಎಂದು ಓದಿ. ಅಕ್ಕಿ ಡಬ್ಬಿ, ದೇವರ ಮನೆ, ಸೀರೆಗಳ ನಡುವೆ ಇಡಬೇಡಿ, ಆ ಗುಟ್ಟು ಕಳ್ಳರಿಗೂ ಗೊತ್ತಾಗಿದೆ. ಬೆಂಗಳೂರಿನ ಮದುವೆಗೆ ಹೊರಟ ಫೋಟೊವನ್ನು ವಾಪಸು ಬಂದ ಮೇಲೆ ಹಾಕಿ. ಕೊನೆಯದನ್ನು ಮಾತ್ರ ಯಾರೂ ಕೇಳುವುದಿಲ್ಲ.

6. ಮರೆವಿನವರ ಮನೆಯಲ್ಲಿ ಹರ್ಬರ್ಟ್ ಫಾರಂ

ನನಗೆ ತಡವಾಗಿ ಗೊತ್ತಾದ, ತುಂಬ ಉಪಯೋಗಕ್ಕೆ ಬಂದ ವಿಷಯ. ಮರೆಗುಳಿ ಕಾಯಿಲೆಯವರು ಮನೆಯಿಂದ ಹೊರಟು ಕಾಣೆಯಾದರೆ ಬೇಕಾಗುವ ವಿವರಗಳನ್ನು ಮನೆಯವರು ಮೊದಲೇ ಬರೆದಿಟ್ಟುಕೊಳ್ಳುವ ಫಾರಂ ಇದು. ಈಚಿನ ಫೋಟೊ, ಔಷಧ, ಹಿಂದೆ ಇದ್ದ ಮನೆಗಳು, ಕೆಲಸ ಮಾಡಿದ ಜಾಗ, ಹೋಗುತ್ತಿದ್ದ ದಾರಿ. ನಾರ್ಫೋಕ್‌ನಲ್ಲಿ ಶುರುವಾದ ಇದಕ್ಕೆ ನಾರ್ಮಂಡಿ ಕಾಳಗದಲ್ಲಿದ್ದ ಜಾರ್ಜ್ ಹರ್ಬರ್ಟ್ ಎಂಬ ಯೋಧರ ಹೆಸರಿಟ್ಟಿದ್ದಾರೆ. ಅವರಿಗೂ ಈ ಕಾಯಿಲೆಯಿತ್ತು. ಗಾಬರಿಯಲ್ಲಿರುವ ಮಗಳ ಹತ್ತಿರ ಅಪ್ಪ ಅರವತ್ತು ವರ್ಷದ ಹಿಂದೆ ಯಾವ ಬೀದಿಯಲ್ಲಿದ್ದರು ಎಂದು ಕೇಳಿ ನೋಡಿದವರಿಗೆ ಈ ಫಾರಂನ ಬೆಲೆ ಗೊತ್ತು.

7. ಅರ್ಜಿ ಹಾಕುವವರಿಗೆ

ಕಾಮನ್‌ವೆಲ್ತ್ ದೇಶದವರಾದ ನಮಗೆ ಬ್ರಿಟಿಷ್ ಪೌರತ್ವ ಇರಲೇಬೇಕೆಂದಿಲ್ಲ, ಕಾಲಮಿತಿಯಿಲ್ಲದೆ ಉಳಿಯುವ ಅನುಮತಿ ಸಾಕು. ಹಿನ್ನೆಲೆ ಪರಿಶೀಲನೆಯಲ್ಲಿ ನಿಮ್ಮ ಸಾಲಸೋಲ, ಮನೆಯವರ ವಿವರ ಎಲ್ಲ ಕೇಳುತ್ತಾರೆ. ಮರೆತೆನೆಂದು ಬಿಟ್ಟದ್ದೂ ಮುಚ್ಚಿಟ್ಟದ್ದಾಗಿ ಕಾಣುತ್ತದೆ. ಓಟದ ಪರೀಕ್ಷೆಯಲ್ಲಿ ಬೀಪ್ ಶಬ್ದಕ್ಕೆ ಸರಿಯಾಗಿ ಅತ್ತಿತ್ತ ಓಡಬೇಕು. ನಾನು ಮೊದಲ ಸಲ ಚಪ್ಪಟೆ ಸೋಲಿನ ಶೂ ಹಾಕಿಕೊಂಡು ಹೋಗಿ ಜಾರಿ ಬಿದ್ದೆ.

ಇನ್ನೊಂದು ಮಾತು: 2010ರಲ್ಲಿ ಸುಮಾರು 17 ಸಾವಿರವಿದ್ದ ನಮ್ಮ ಸಂಖ್ಯೆ ಸರ್ಕಾರದ ಖರ್ಚು ಕಡಿತದಿಂದಾಗಿ ಹೆಚ್ಚುಕಡಿಮೆ ಅರ್ಧಕ್ಕಿಳಿದಿದೆ. ಲೆಕ್ಕಪತ್ರದಲ್ಲಿ ಬಂಧನಗಳನ್ನು ಎಣಿಸುವುದು ಸುಲಭ, ಕುಡಿದ ಚಹಾ ಎಣಿಸುವುದು ಕಷ್ಟ, ಹಾಗಾಗಿ ಮೊದಲು ಕತ್ತರಿ ಬೀಳುವುದು ನಮ್ಮ ಮೇಲೆಯೇ ಎಂದು ನನ್ನ ಅನುಮಾನ. 43 ಪಡೆಗಳಲ್ಲಿ ಭರ್ತಿ ಒಂದೇ ಸಲ ನಡೆಯುವುದೂ ಇಲ್ಲ, ನಮಗೆ ಕೊಡುವ ಅಧಿಕಾರಗಳೂ ಎಲ್ಲ ಕಡೆ ಒಂದೇ ಅಲ್ಲ. ಹತ್ತಿರದ ಠಾಣೆಗೆ ಹೋಗಿ, ಅಲ್ಲಿನ ಪಿ.ಸಿ.ಎಸ್.ಒ. ಜೊತೆ ಅರ್ಧ ದಿನ ಬೀಟು ಸುತ್ತಲು ಆಗುತ್ತದೆಯೇ ಎಂದು ಕೇಳಿ. ಹೂಂ ಎಂದರೆ ಮಳೆ ಬರುವ ದಿನವೇ ಹೋಗಿ ನೋಡಿ.